ಲೈಟು ಉರೀತಿದೆ

ಹಾಸನ ಬಿಟ್ಟು ಸಕಲೇಶಪುರ ಮುಟ್ಟೋದರೊಳಗೆ
ಹದಿನಾಲ್ಕು ಜನ ಕೈ ಮಾಡಿದರು ಇವತ್ತು.
ಎಣಿಸೋದು ನನ್ನ ಕಸುಬಿನ ಚಾಳಿ:
ಮೂವತ್ತರ ಟ್ರೇ, ಹನ್ನೆರಡು ಟ್ರೇಯ ಅಟ್ಟಿ,
ಒಡೆದದ್ದು, ಬಿರಿದದ್ದು, ವಾಪಸು ಬಂದದ್ದು.

ಐದು ಬೆರಳೂ ಕೂಡಿಸಿ
ತೆರೆದು ಮುಚ್ಚಿ, ತೆರೆದು ಮುಚ್ಚಿ,
ಕೋಳಿಮರಿ ಕೊಕ್ಕಿನ ಹಾಗೆ:
ಲೈಟು, ಲೈಟು, ನಿನ್ನ ಲೈಟು ಉರೀತಿದೆ ಮಾರಾಯ.
ಆಲೂರು ಕ್ರಾಸಿನಲ್ಲಿ ಶುಂಠಿ ಮೂಟೆ ಮೇಲೆ ಕೂತ ಹುಡುಗ.
ಹಾಲಿನ ಕ್ಯಾನು ಕಟ್ಟಿಕೊಂಡ ಎಕ್ಸೆಲ್ಲಿನವನು;
ಅವನದೂ ಉರೀತಿತ್ತು,
ಕಂಪನಿಯೇ ಸ್ವಿಚ್ಚು ಕೊಟ್ಟಿಲ್ಲ ಅವನಿಗೆ.
ಪಾಳ್ಯದ ಬಸ್‌ಸ್ಟಾಪಲ್ಲಿ ಮಗು ಎತ್ತಿಕೊಂಡವಳು
ಮಗುವಿನ ಕೈಯನ್ನೇ ಹಿಡಿದು ಮಾಡಿಸಿದಳು.

ಪುಷ್ಯದ ಬಿಸಿಲು, ಹನ್ನೊಂದು ಗಂಟೆ,
ಬೇಲಿಯ ಒಂದೊಂದು ಮುಳ್ಳೂ ಎಣಿಸಬಹುದು.
ಬ್ಯಾಟರಿ ಕೂತುಬಿಡುತ್ತೆ, ಪಾಪ, ಯಾರ ಮನೆ ಮಗನೋ
ಅನ್ನೋ ಕರುಣೆ ಅದು. ನಾನೂ ತಲೆ ಆಡಿಸ್ತೀನಿ.
ಆರಿಸೋದಿಲ್ಲ.

ಹೋದ ವರ್ಷ ಮಾರ್ಗಶಿರ, ಬಾಳ್ಳುಪೇಟೆ ದಾಟಿ,
ಬೆಳಿಗ್ಗೆ ಏಳೂಕಾಲು.
ನಮ್ಮವ್ವ ಕಾವಳ ಅಂತಿದ್ದಳಲ್ಲ, ಅದು.
ಗಾಡಿಗೆ ಮೂತಿ ಇದೆ ಅನ್ನೋದೇ ನಂಬಿಕೆ ಮೇಲೆ.
ಬೂದಿ ಬಣ್ಣದ ಕಾರು, ಒಂದು ಹನಿ ದೀಪ ಇಲ್ಲ,
ಮಂಜೇ ಗಟ್ಟಿಯಾಗಿ ಬಂದು ಬಡಿದ ಹಾಗೆ ಬಂತು.
ಯಾರಿಗೂ ಏನೂ ಆಗಲಿಲ್ಲ, ಮೊಟ್ಟೆಗಳಿಗೆ ಬಿಟ್ಟು.
ಇಳಿದು ಬಂದವರು ಸರ್ವೇ ಇಲಾಖೆಯ ಗುರುಶಾಂತಪ್ಪ.
ಕನ್ನಡಕ ಒರೆಸಿಕೊಂಡು ಅಂದರು:
'ಬೆಳಕು ಹರಿದಿತ್ತಲ್ರೀ, ನನಗೆ ರಸ್ತೆ ಕಾಣ್ತಿತ್ತು.'

ಸುಳ್ಳಲ್ಲ. ಅವರಿಗೆ ಕಾಣ್ತಿತ್ತು.
ಅವರು ಕಾಣ್ತಿರಲಿಲ್ಲ.

ಕಾಣೋದು. ಒಂದೇ ಮಾತು.
ಕಣ್ಣು ಮಾಡೋ ಕೆಲಸಕ್ಕೂ ಅದೇ,
ಕಣ್ಣಿಗೆ ಬೀಳೋದಕ್ಕೂ ಅದೇ.
ಇಷ್ಟು ವರ್ಷ ಆಡಿಕೊಂಡು ಬಂದ ಮಾತಿನೊಳಗೆ
ಎರಡು ಹಳದಿ ಇದ್ದವು ಅಂತ
ಒಡೆದ ಮೇಲೆ ಗೊತ್ತಾಯಿತು.

ಆವತ್ತು ಆ ಮಂಜಲ್ಲಿ ದೂರಕ್ಕೆ ಕಂಡ ಬಣ್ಣವೂ ಅದೊಂದೇ,
ಟಾರಿನ ಮೇಲೆ ನಲವತ್ತು ಟ್ರೇ ಹಳದಿ.
ಹಿಂದೆ ಬಂದ ಲಾರಿ ಅದನ್ನ ನೋಡಿಯೇ ನಿಂತದ್ದು
ಅಂತ ಕ್ಲೀನರ್ ಹುಡುಗ ಆಣೆ ಇಟ್ಟ.
ಆಮೇಲೆ ಕೂತು, ಒಡೆಯದೆ ಉಳಿದವನ್ನ
ಒಂದೊಂದಾಗಿ ಆರಿಸಿ ಕೊಟ್ಟ.
ಹೆಸರು ಕೇಳಲಿಲ್ಲ ನಾನು.

ಸಂತೆಪೇಟೆಯಲ್ಲಿ ವೈರಿಂಗ್ ಮಾಡೋ ಜಬೀವುಲ್ಲಾ
'ಬಿಳೀದು ಹಾಕ್ತೀನಣ್ಣ, ರಾತ್ರಿ ಹಗಲಾಗಿಹೋಗುತ್ತೆ' ಅಂದ.
ಬೇಡ ಅಂದೆ. ಮಂಜಿಗೆ ಬಿಳೀದು ಬಿಟ್ಟರೆ
ಹಾಲಿಗೆ ಹಾಲು ಹೊಯ್ದ ಹಾಗೆ.
ಹಳದಿ ಹಾಕು. ಮಂಡಿಯಿಂದ ಕೆಳಗೆ ಹಾಕು.
ನೆಲ ನೋಡ್ಕೊಂಡಿರಲಿ, ಎದುರಿನವನ ಮುಖ ಬೇಡ.
ನಾಟಿ ಮೊಟ್ಟೆ ಹಳದಿ ಇರಲಿ ಕಣೋ, ಫಾರಂದು ಬೇಡ.
ನಕ್ಕ. ಹಾಕಿದ.
ಅದು ಮಂಜಿಗೆ. ಮಿಕ್ಕ ಹೊತ್ತಿಗೆ
ಹಗಲಿಡೀ ಉರಿಯೋ ಎರಡು ಪಟ್ಟಿ, ಹುಬ್ಬಿನಷ್ಟು ಸಣ್ಣವು.
ಅದರ ಬೆಳಕಲ್ಲಿ ಇರುವೆಗೂ ದಾರಿ ಕಾಣಲ್ಲ.
ಅದು ನನಗಲ್ಲ.

ಶನಿವಾರ ಬರ್ತವೆ ಜೀಪುಗಳು, ತಲೆ ಮೇಲೆ ಎಂಟು ದೀಪ,
ನೆತ್ತಿ ಸುಡೋ ಬಿಸಿಲಲ್ಲಿ ಅಷ್ಟನ್ನೂ ಹಚ್ಚಿಕೊಂಡು
ಬೀಗರು ದಿಬ್ಬಣ ಬಂದ ಥರ.
ಅವರಿಗೆ ಯಾರೂ ಕೈ ಮಾಡಲ್ಲ.
ನಾನೂ ಮಾಡಲ್ಲ. ಕಣ್ಣು ಕಿರಿದು ಮಾಡಿ
ಬಾಯೊಳಗೇ ಬಯ್ಕೊಳ್ತೀನಿ. ತಪ್ಪೇನಿಲ್ಲ.

ಮೊನ್ನೆ ಮತ್ತೆ ಕಾವಳ ಇಳಿದಿತ್ತು.
ಎದುರಿಗೆ ಏನೋ ಬರ್ತಿದೆ, ಸದ್ದಿದೆ, ದೀಪವಿಲ್ಲ.
ಆರಿಸು ಅನ್ನೋದಕ್ಕೆ ಊರಿಗೆಲ್ಲ ಗೊತ್ತಿರೋ ಸನ್ನೆ ಇದೆ.
ಹಚ್ಚು ಅನ್ನೋದಕ್ಕೆ ಯಾರೂ ಮಾಡಿಟ್ಟಿಲ್ಲ.
ಹಾರನ್ನು ಒತ್ತಿಹಿಡಿದು, ಎಡಕ್ಕೆ ಪೂರ್ತಿ ತಗೊಂಡು,
ಇನ್ನೊಂದು ಕೈಲಿ ಅದೇ ಕೊಕ್ಕು ಮಾಡಿದೆ,
ಆವಿ ಹಿಡಿದ ಗಾಜಿನ ಒಳಗೆ
ತೆರೆದು ಮುಚ್ಚಿ, ತೆರೆದು ಮುಚ್ಚಿ.

ದಾಟಿಹೋದ ಮೇಲೆ ಹೊಳೀತು:
ಕೈಗೆಲ್ಲಿಯ ದೀಪ.