ತೊಂಬತ್ತನೇ ದಿನ

ಕಡಲಾಚೆಯಿಂದ ಬಂದ ಮೂಟೆ. ಬಿಚ್ಚಿದರೆ
ಒಲೆ ಆರಿದ ಮಾರನೆಯ ಬೆಳಗಿನ ಬಣ್ಣ.
'ಬೆಂಕಿಬೆಟ್ಟದ ಬೂದಿ ಕಣಮ್ಮ' ಅಂದರು ಎಂಜಿನಿಯರು,
'ಸಿಮೆಂಟು ಕಾಲುಭಾಗ ತೆಗೆದು ಇದನ್ನು ಬೆರೆಸು.'

ಮೈಸೂರಿನ ಈ ಲ್ಯಾಬಿನಲ್ಲಿ ನನ್ನ ಕೆಲಸ ಒಡೆಯುವುದು.
ಅಚ್ಚು ಬಿಡಿಸಿ, ನೀರಿಗಿಟ್ಟು, ದಿನ ಎಣಿಸಿ
ಯಂತ್ರದ ಕೆಳಗೆ ಕೂರಿಸುವುದು.
ಏಳನೇ ದಿನ ಬೂದಿಯ ಕ್ಯೂಬುಗಳು ಸೋತವು,
ಮುಳ್ಳು ಅರ್ಧಕ್ಕೇ ವಾಪಸು.
'ಸೋಮಾರಿ ಬೂದಿ' ಎಂದು ಅವರು ಊಟಕ್ಕೆ ಹೋದರು.

ನಮ್ಮಜ್ಜಿ ಕಾಳಿಂಗಮ್ಮ, ಬೆಳಗೊಳದವಳು,
ಕನ್ನಂಬಾಡಿಯ ಗಾರೆಗೆ
ಸುಟ್ಟ ಇಟ್ಟಿಗೆ ಕುಟ್ಟಿದವಳ ಮಗಳು.
ಅವರ ಮನೆಯ ಸೀರೆಯೆಲ್ಲ ಕೆಂಪು,
ಒಗೆದ ನೀರೂ ಕೆಂಪು.
'ಸುರ್ಕಿಗೆ ಅವಸರ ಇಲ್ಲ ಕಣೆ,
ಸುಣ್ಣ ಕುಡೀಬೇಕು, ಕುಡ್ಕೊಂಡು ಕಲ್ಲಾಗಬೇಕು.
ನಾವು ಸತ್ತ ಮೇಲೂ ಕಲ್ಲಾಗ್ತಾನೇ ಇರ್ತದೆ.'

ತೊಟ್ಟಿಯ ಮೂಲೆಯಲ್ಲಿ ಮೂರು ಉಳಿಸಿದ್ದೆ,
ಯಾರಿಗೂ ಹೇಳದೆ.

ಇವತ್ತು ತೊಂಬತ್ತು. ಒಂದನ್ನು ಒರೆಸಿ ಕೂರಿಸಿದೆ.
ಮುಳ್ಳು ಹಳೆಯ ಗುರುತು ದಾಟಿತು,
ಬರೀ ಸಿಮೆಂಟಿನದನ್ನೂ ದಾಟಿತು.
ಒಡೆಯುವ ಸದ್ದಿಗೆ ಕಿವಿಯಿಟ್ಟು
ಒಡೆಯದಿರಲಿ ಅಂದುಕೊಂಡೆ, ಇಷ್ಟು ವರ್ಷದಲ್ಲಿ ಮೊದಲ ಸಲ.

ಉಳಿದೆರಡು ಇನ್ನೂ ನೀರಲ್ಲಿವೆ.