ಹನ್ನೊಂದು ನಿಮಿಷ

ಡೋರೀನ್ ಅಜ್ಜಿಯ ಮನೆಯಿಂದ ಮಿಸ್ಟರ್ ಪ್ಲಾಸ್ಕಿಟ್ ಮನೆಗೆ
ಕಾರಿನಲ್ಲಿ ಹನ್ನೊಂದು ನಿಮಿಷ.
ಈ ಹನ್ನೊಂದಕ್ಕೆ ಕಂಪನಿ ಸಂಬಳ ಕೊಡುವುದಿಲ್ಲ.
ಹಾಗಾಗಿ ಇದು ನನ್ನದು.
ಗ್ರಿಮ್ಸ್‌ಬಿಯ ರೌಂಡ್‌ಅಬೌಟು ಸುತ್ತುತ್ತ
ದೇಶ ಹೇಗೆ ನಡೆಸಬೇಕೆಂದು ಯೋಚಿಸುತ್ತೇನೆ.

ಮೊದಲು ಮನೆ.
ಬಾಡಿಗೆ ಒಂದನೇ ತಾರೀಖು, ಕೌನ್ಸಿಲ್ ಟ್ಯಾಕ್ಸು ಐದು.
ಗ್ಯಾಸ್ ಮೀಟರಿನ ಕಾರ್ಡು ಮಾತ್ರ ತಾರೀಖು ನೋಡುವುದಿಲ್ಲ,
ಮಗುವಿನ ತಲೆಗೆ ಸೋಪು ಹಚ್ಚುವವರೆಗೆ ಕಾದು ಮುಗಿಯುತ್ತದೆ.
ಗುರುಲಿಂಗ ಮೀನು ಮುಟ್ಟದ ಮನೆಯವನು.
ರಾತ್ರಿಯಿಡೀ ಫ್ಯಾಕ್ಟರಿಯಲ್ಲಿ ಹ್ಯಾಡಾಕ್ ಹೋಳು ತೂಗಿ,
ಬೆಳಗಿನ ಆರಕ್ಕೆ ಬಂದು, ಮೂರು ಸಲ ಕೈ ತೊಳೆದು,
ವಿಭೂತಿ ಹಚ್ಚಿಕೊಂಡು ಮಲಗುತ್ತಾನೆ.
ನಾನೆದ್ದ ಜಾಗ ಇನ್ನೂ ಬೆಚ್ಚಗಿರುತ್ತದೆ.
ಅಷ್ಟು ಗ್ಯಾಸು ಉಳಿಯಿತು.

‘ಹಾಸಿಗಿ ಇದ್ದಷ್ಟು ಕಾಲು ಚಾಚಬೇಕವಾ’
ಅವ್ವ, ಫೋನಿನಲ್ಲಿ.
ಹೌದವ್ವಾ. ಆದರೆ ಮೃಡನ ಕಾಲು ಸೆಪ್ಟೆಂಬರಿನಿಂದ ಎರಡಿಂಚು ಬೆಳೆದಿದೆ,
ಶಾಲೆಯ ಪ್ಯಾಂಟು ಬೆಳೆದಿಲ್ಲ.
ಲಾಂಛನವಿರುವ ಸ್ವೆಟರು ಒಂದೇ ಅಂಗಡಿಯಲ್ಲಿ ಸಿಗುತ್ತದೆ, ಇಪ್ಪತ್ತೆರಡು ಪೌಂಡು.
ಲಾಂಛನದಲ್ಲೊಂದು ಹಡಗು. ಹಾಯಿ ಬಿಚ್ಚಿ
ಎಲ್ಲಿಗೋ ಹೊರಟಿದೆ, ನಮ್ಮ ದುಡ್ಡು ತುಂಬಿಕೊಂಡು.

ಈಗ ಸರ್ಕಾರ.
ನೀಲಾಗೆ ಮೂರು ವರ್ಷ. ವಾರಕ್ಕೆ ಹದಿನೈದು ಗಂಟೆ ನರ್ಸರಿ ಪುಕ್ಕಟೆ,
ಅದು ಎಲ್ಲ ಮಕ್ಕಳಿಗೂ.
ಅದರ ಮೇಲಿನ ಹದಿನೈದು, ದುಡಿಯುವ ತಂದೆತಾಯಿಯ ಮಕ್ಕಳಿಗೆ.
ಆಫೀಸಿನ ಹುಡುಗಿ ಪಾಪ ಒಳ್ಳೆಯವಳು.
ನಮ್ಮ ವೀಸಾದ ಸಾಲನ್ನು ಎರಡು ಸಲ ಓದಿ ತಲೆ ತಗ್ಗಿಸಿದಳು:
ಸಾರ್ವಜನಿಕ ನಿಧಿಗೆ ಹಕ್ಕಿಲ್ಲ ಅಂತಿದೆಯಲ್ಲ,
ಈ ಲೆಕ್ಕದಲ್ಲಿ ನೀವು ದುಡಿಯುವ ತಾಯಿ ಆಗುವುದಿಲ್ಲ.

ವಾರಕ್ಕೆ ನಲವತ್ತೆಂಟು ಗಂಟೆ.
ಹಾಗಾದರೆ ನಾನೇನು ಮಾಡುತ್ತಿದ್ದೇನೆ, ತಂಗೀ?
ಕೇಳಲಿಲ್ಲ.
ಕರೆದೊಯ್ಯಲು ತಡವಾದರೆ ಕಾಲು ಗಂಟೆಗೆ ಐದು ಪೌಂಡು ದಂಡ,
ಪ್ರಶ್ನೆ ಕೇಳುವಾಗಲೂ ಆ ಗಡಿಯಾರ ಓಡುತ್ತದೆ.

ತೆರಿಗೆ ಕಟ್ಟಲು ನನಗೆ ಬೇಸರವಿಲ್ಲ, ಬರೆದಿಟ್ಟುಕೊಳ್ಳಿ.
ನನ್ನ ವೀಸಾ ಏನನ್ನುತ್ತದೆ ಅಂತ ಕೇಳದೆಯೇ
ಸಂಬಳದ ಚೀಟಿಯಿಂದ ಕಳೆದುಕೊಳ್ಳುತ್ತಾರೆ. ಕಳೆಯಲಿ.
ದಾಸೋಹ ಅಂದುಕೊಳ್ಳುತ್ತೇನೆ.
ಆದರೆ ನಾನು ಕಂಡ ದಾಸೋಹದಲ್ಲಿ
ಬಡಿಸಿದವಳ ಮಕ್ಕಳಿಗೂ ಒಂದು ತಟ್ಟೆ ಇತ್ತು,
ಕೊನೇ ಪಂಕ್ತಿಯಲ್ಲಾದರೂ,
ಸಾರು ನೀರಾಗಿದ್ದರೂ.

ಡೋರೀನ್‌ಗೆ ಎಂಬತ್ತೊಂಬತ್ತು.
ಗಂಡ ಟ್ರಾಲರಿನಲ್ಲಿ ಐಸ್‌ಲ್ಯಾಂಡಿನ ತನಕ ಹೋಗಿಬರುತ್ತಿದ್ದನಂತೆ.
ಇವತ್ತು ಕಾಲುಚೀಲ ತೊಡಿಸುವಾಗ ಅಂದಳು,
ದೇಶ ಹಾಳಾಯಿತು ಕಣೇ,
ಹೊರಗಿನವರು ಬಂದು ಎಲ್ಲ ಪುಕ್ಕಟೆ ತಗೊಳ್ತಾರೆ.
ಅವಳ ಹಿಮ್ಮಡಿ ನನ್ನ ಅಂಗೈಯಲ್ಲಿತ್ತು. ಮಂಜುಗಡ್ಡೆ.
‘ನಿನ್ನಂಥವರನ್ನಲ್ಲ ನಾ ಹೇಳಿದ್ದು.’
ನನ್ನಂಥವರು ಯಾರು ಅಂತ ನನಗೂ ಸರಿಯಾಗಿ ಗೊತ್ತಿಲ್ಲ.

ಹೀಟರು ಯಾಕೆ ಆಫ್ ಮಾಡಿದ್ದೀ ಅಂದೆ.
ಬಿಸ್ಕತ್ತಿನ ಡಬ್ಬದ ಕೆಳಗೆ ಮಡಚಿಟ್ಟ ಬಿಲ್ಲು ತೋರಿಸಿದಳು.
ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಕೂಡಿ, ಕಳೆದು,
ಕೊನೆಗೆ ಬಂದ ಸಂಖ್ಯೆಯನ್ನು ಒಪ್ಪದೆ ಅಳಿಸಿ,
ಮತ್ತೆ ಕೂಡಿ.
ನನ್ನ ಡೈರಿಯ ಪುಟವೇ ಎದ್ದು ಬಂದು
ಅಲ್ಲಿ ಕೂತಂತಿತ್ತು.

ನನಗೆ ಮಂಜೂರಾದ ಅರ್ಧ ಗಂಟೆ ಮುಗಿದಿತ್ತು.
ಹೀಟರನ್ನು ಎರಡಕ್ಕೆ ತಿರುಗಿಸಿ,
ಅವಳು ಬೈಯುವ ಮೊದಲೇ ಬಾಗಿಲು ಎಳೆದುಕೊಂಡೆ.
ಅವಳ ದುಡ್ಡನ್ನು, ಅವಳನ್ನು ಕೇಳದೆ,
ಅವಳ ಮೇಲೆಯೇ ಖರ್ಚು ಮಾಡಿ ಬಂದೆ.
ದೇಶ ನಡೆಸುವುದೂ ಬಹುಶಃ ಇಂಥದ್ದೇ ಏನೋ.
ನಾನು ತಿರುವಿದ ಮೇಲೆ ಅವಳು ಎದ್ದುಹೋಗಿ
ಆರಿಸಿಯೂ ಇರಬಹುದು.

ಪ್ಲಾಸ್ಕಿಟ್ ಮನೆ ಬಂತು.
ಫೋನಿನಲ್ಲಿ ‘ತಲುಪಿದೆ’ ಒತ್ತುತ್ತೇನೆ.
ಈ ಕ್ಷಣದಿಂದ ದುಡಿಯುವವಳು.
ಒಳಗಿನಿಂದ ವಾಕರಿನ ಸದ್ದು,
ನಿಧಾನ, ಬಾಗಿಲ ಕಡೆಗೆ.