ಲಗತ್ತು: ಒಂದು ತುಂಡು ಖಣ

ದುಧನಿ ಸ್ಟೇಷನ್ನಿನ ಹೊರಗೆ, ಬೇವಿನ ಬುಡದಲ್ಲಿ
ನಾನು ಅರ್ಜಿ ಬರೆಯುವವನು.
ಮನೆಯ ಮಾತು ಕನ್ನಡ, ಕಚೇರಿಯದು ಮರಾಠಿ,
ವಿಮೆಯವರದು ಇಂಗ್ಲಿಷು,
ಅದೂ ಇರುವೆಯಷ್ಟು ಸಣ್ಣ ಅಕ್ಷರ.

ನಿಂಬೆವ್ವ ತಂದ ಕಾಗದದ ಹನ್ನೊಂದನೆಯ ಕಲಮು ಹೇಳುತ್ತದೆ:
ಬೆಂಕಿಯೆಂದರೆ ಜ್ವಾಲೆ ಎದ್ದ ಬೆಂಕಿ.
ಬರಿಯ ಸ್ಕಾರ್ಚ್‌ಗೆ ಪರಿಹಾರವಿಲ್ಲ.

"ಹಂಗಂದ್ರೇನ್ರಿ ಮಾಸ್ತರ?"

ನಾನು ಮಾಸ್ತರನಲ್ಲ. ಕನ್ನಡಕವಿದೆ, ಅಷ್ಟೆ.
ರಟ್ಟು ಕಿತ್ತ ಡಿಕ್ಷನರಿ ತೆಗೆದೆ, ಬೆರಳಿಗೆ ಉಗುಳು ಹಚ್ಚಿ
ಎಸ್‌ವರೆಗೆ ನಡೆದೆ.
ಮೇಲುಮೇಲೆ ಸುಡು, ಬಣ್ಣ ಕೆಡುವಷ್ಟು.
ಬಿಸಿಲಿಗೆ ಬೆಳೆ ಕಮರಿಸು.
ಸೋತ ದಂಡು ಹಿಂದೆ ಸರಿಯುವಾಗ ಹೊಲಕ್ಕೆ ಮಾಡುವುದು.
ಚುಚ್ಚಿ ಮಾತಾಡು.
ಕೊನೆಯದು, ಆಡುಮಾತಿನಲ್ಲಿ: ಭರ್ರನೆ ಗಾಡಿ ಓಡಿಸು.

"ಗಾಡೀದ್ಯಾಕ ಬಂತ್ರಿ ನಡುವ?"
ನನಗೂ ತಿಳಿಯಲಿಲ್ಲ.
ಹಿಂದಿನ ದಿನವಷ್ಟೆ ಟೀವಿಯಲ್ಲಿ ಒಬ್ಬ
ನಾಲ್ಕು ರನ್ನಿನ ಹೊಡೆತಕ್ಕೂ ಇದೇ ಪದ ಅಂದಿದ್ದ.
ಚೆಂಡಿಗೆ ಏನೂ ಆಗಿರಲಿಲ್ಲ.

ಅವಳು ಹೇಳಿದ್ದು ಇಷ್ಟು:
ಬದಿಯ ಮೆಣಸಿನಕಾಯಿ ಗೋದಾಮು ಸುಟ್ಟ ರಾತ್ರಿ
ಊರಿಗೆ ಊರೇ ಕೆಮ್ಮಿತು, ನಾಯಿಗಳೂ.
ನಡುವೆ ಒಂದೇ ಗೋಡೆ. ಗೋಡೆ ದಾಟಲಿಲ್ಲ ಉರಿ.
ಬೆಳಿಗ್ಗೆ ಶಟರಿಗೆ ಹಸಿ ಗೋಣಿ ಹಿಡಿದು ಎತ್ತಿದರೆ
ಕಪಾಟು ಇದ್ದಲ್ಲೇ ಇದೆ, ಮಷೀನು ಇದೆ,
ನಲವತ್ತೆರಡು ಖಣ ಮಡಿಕೆ ಮುರಿಯದೆ ಇವೆ.
ಒಂದನ್ನು ಬಿಚ್ಚಿದಳು.
ಮಡಿಕೆ ಮಡಿಕೆಗೂ ಒಂದು ಕಂದು ಗೆರೆ,
ರೊಟ್ಟಿಯ ಬೆನ್ನಿಗೆ ಹಂಚು ಬಿಡುವಂಥದು.
ಎರಡು ಬೆರಳಲ್ಲಿ ಹಿಡಿದರೆ
ಗೆರೆಯುದ್ದಕ್ಕೂ ಪಿಸಿಯಿತು.

ಗೋದಾಮಿನವರಿಗೆ ಹಣ ಮಂಜೂರಾಗಿದೆ.
ಅವರ ಹತ್ತಿರ ಜ್ವಾಲೆಯ ಫೋಟೋ ಇತ್ತು,
ತಾಳೆಮರದಷ್ಟು ಎತ್ತರದ್ದು.

"ಬೆಂಕಿ ಹತ್ತಿಲ್ಲಂತ ಬರದಾರೇನ್ರಿ?
ಹಾಲು ಹೊತ್ತಿದ್ರ ಉರಿ ಹಾಲಿನ್ಯಾಗ ಇಳದಿರತೈತೇನು?
ತಳದಾಗ ಹೊರಗ ನಿಂತಿರತೈತಿ.
ಹಾಲು ಹೋದ್ವು ಅಂತೀವೋ ಇಲ್ಲೋ?"

ಅಲ್ಲಿ ಸಿಕ್ಕಿತು ನನಗೆ ಪದ: ಹೊತ್ತು.
ಆದರೆ ಅದನ್ನು ಹೇಗೆ ದಾಟಿಸುವುದು ಇಂಗ್ಲಿಷಿಗೆ?
ನಮ್ಮಲ್ಲಿ ಹೊತ್ತು ಹುಟ್ಟುತ್ತದೆ, ಹೊತ್ತು ಮುಳುಗುತ್ತದೆ,
ಅನ್ನ ಹೊತ್ತುತ್ತದೆ, ದೀಪವೂ ಹೊತ್ತುತ್ತದೆ,
ತಲೆಯ ಮೇಲೆ ಬುಟ್ಟಿ ಹೊತ್ತು ಬಂದವಳು
ಇಷ್ಟು ಹೊತ್ತು ನನ್ನೆದುರು ನಿಂತೇ ಇದ್ದಾಳೆ.
ಕುಳಿತುಕೋ ಅನ್ನಲಿಲ್ಲವಲ್ಲ ನಾನು.

ಕಲ್ಲು ಒರೆಸಿ ಕೊಟ್ಟೆ. ಕುಳಿತಳು.

ಹನ್ನೊಂದನೆಯ ಕಲಮಿನ ಎದುರು ಇಂಗ್ಲಿಷಿನಲ್ಲಿ
ಏನೋ ಬರೆದೆ, ಹೊಡೆದೆ. ಮರಾಠಿಯಲ್ಲಿ ಬರೆದೆ:
ಕರಪಲೆ. ಹತ್ತಿರ ಬಂತು, ಬಾಗಿಲಲ್ಲಿ ನಿಂತಿತು.
ಕೊನೆಗೆ ಕನ್ನಡದಲ್ಲೇ, ದಪ್ಪಗೆ: ಹೊತ್ತಿದ್ದು.
ಕೆಳಗೆ: ಅರ್ಥ ಲಗತ್ತಿಸಿದೆ.
ಖಣದ ಒಂದು ಚೂರು ಕತ್ತರಿಸಿ, ಗೆರೆ ಕಾಣುವಂತೆ
ಗುಂಡುಸೂಜಿ ಚುಚ್ಚಿದೆ.
ಸೂಜಿಯ ಸುತ್ತ ಮತ್ತಿಷ್ಟು ಉದುರಿತು.

ಹದಿನೆಂಟು ದಿನದ ಮೇಲೆ ಸೋಲಾಪುರದಿಂದ ಫೋನು.
ಎಳೆಯ ದನಿ, ಹುಡುಗಿ. ಮರಾಠಿಯಲ್ಲಿ ಕೇಳಿದಳು:
ಈ ಬಟ್ಟೆ ಯಾಕೆ? ಈ ಪದ ಯಾವುದು?
ಮೂಸಿ ನೋಡಮ್ಮ, ಅಂದೆ.
ಆ ಕಡೆ ಫ್ಯಾನಿನ ಸದ್ದು,
ಟೈಪು ಮಾಡುತ್ತಿದ್ದ ಯಾರೋ ನಿಲ್ಲಿಸಿದ ಸದ್ದು.
ಮೂಸಿದಳೋ ಇಲ್ಲವೋ. ಬಹಳ ಹೊತ್ತು ಬಿಟ್ಟು,
ಕನ್ನಡದಲ್ಲಿ, ಮೆಲ್ಲಗೆ, ಯಾರಿಗೂ ಕೇಳಬಾರದೆಂಬಂತೆ:
"ನಮ್ಮ ಅಜ್ಜಿ ಮನ್ಯಾಗ ಇದೇ ವಾಸನಿ ಇತ್ರಿ."

ಮುಂದೆ ಏನೂ ಅನ್ನಲಿಲ್ಲ. ಫೈಲು ಅವಳ ಕೈಯದಲ್ಲ.
ಹಣ ಬಂದಿಲ್ಲ ಇನ್ನೂ.

ನಿಂಬೆವ್ವ ಉಳಿದ ಖಣಗಳನ್ನು
ಗೆರೆ ತಪ್ಪಿಸಿ ತಪ್ಪಿಸಿ ಕತ್ತರಿಸಿ
ಕುಲಾವಿ ಹೊಲಿಯುತ್ತಾಳೆ, ಎಳೆಗೂಸುಗಳಿಗೆ.
ಅಷ್ಟು ಸಣ್ಣ ತಲೆಗೆ ಸಾಕು,
ಎರಡು ಗೆರೆಗಳ ನಡುವಿನ ಜಾಗ.